ರೊಟ್ಟಿ ಬರುತ್ತಿದ್ದ ಊರಿಗೆ: ಡೋಣಿ ದಂಡೆಯಲ್ಲಿ ಮೂರು ದಿನ

ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಮ್ಮ ರೂಮಿಗೆ ತಿಂಗಳಿಗೊಮ್ಮೆ ಒಂದು ಬುತ್ತಿ ಗಂಟು ಬರುತ್ತಿತ್ತು. ಬಿಜಾಪುರದ ಬಸ್ಸಿನ ಕಂಡಕ್ಟರ್ ಅದನ್ನು ತಮ್ಮ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡು ತರುತ್ತಿದ್ದರು. ಹಳೇ ಧೋತರದ ತುಂಡಿನ ಗಂಟು. ಬಿಚ್ಚಿದರೆ ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಡಬ್ಬಿ ಅಗಸಿ ಚಟ್ನಿ. ರೂಮಿನಲ್ಲಿ ನಾವು ಮೂವರು. ಬಿಜಾಪುರ ಕಡೆಯ ಹಳ್ಳಿಯವಳು ಗೌಡ್ತಿ, ದಾವಣಗೆರೆಯವಳು ಬೆಣ್ಣೆ, ತುಮಕೂರಿನವಳಾದ ನಾನು ಮುದ್ದೆ. ನಿಜವಾದ ಹೆಸರುಗಳು ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದವು.

ರೊಟ್ಟಿ ಕಳಿಸುತ್ತಿದ್ದ ಗೌಡ್ತಿಯ ಅವ್ವನದು ಒಂದೇ ಷರತ್ತು. ಬಟ್ಟೆಯನ್ನು ಒಗೆದು, ಮಡಚಿ, ಅದೇ ಬಸ್ಸಿಗೆ ವಾಪಸ್ ಕೊಡಬೇಕು. ಬಟ್ಟೆ ಬಂದರೆ ಮಾತ್ರ ಮುಂದಿನ ಗಂಟು. ಎರಡು ವರ್ಷ ಆ ಬಟ್ಟೆಯನ್ನು ಸರದಿ ಪ್ರಕಾರ ಒಗೆದಿದ್ದೇವೆ.

ಆಮೇಲೆ ಇಪ್ಪತ್ತೆರಡು ವರ್ಷ ಕಳೆದವು. ಮದುವೆ, ಮಕ್ಕಳು, ನೌಕರಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾರದ್ದಾದರೂ ಮದುವೆಯಲ್ಲಿ ಅರ್ಧ ದಿನ ಸಿಗುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಗೌಡ್ತಿ ಹುಬ್ಬಳ್ಳಿಯ ಕೆಲಸ ಬಿಟ್ಟು ತವರಿಗೆ ಹೋಗಿ ಹೊಲ ನೋಡಿಕೊಳ್ಳತೊಡಗಿದಳು. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಅವಳ ಫೋನ್ ಬರುತ್ತಿತ್ತು. "ಎಳ್ಳ ಅಮಾಸಿಗೆ ಬರ್ರೆಲೇ. ರೊಟ್ಟಿ ತಿಂದೀರಿ, ಹೊಲಾ ನೋಡಿಲ್ಲ ನೀವು." ಮಾತು ನಿಜ. ಎಳ್ಳಮಾವಾಸ್ಯೆ ಅಂದರೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಊಟ ಹಾಕುವ ಹಬ್ಬ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ, ಸೋಮವಾರ ಬಿತ್ತು. ಹೊರಟೇಬಿಟ್ಟೆವು.

ಶುಕ್ರವಾರ ರಾತ್ರಿ

ಗೋಲಗುಂಬಜ್ ಎಕ್ಸ್‌ಪ್ರೆಸ್. ಟಿಕೆಟ್ ತಿಂಗಳ ಮುಂಚೆಯೇ ಮಾಡಿಸಿದ್ದು ಒಳ್ಳೆಯದಾಯಿತು. ಎಳ್ಳಮಾವಾಸ್ಯೆಗೆ ಬೆಂಗಳೂರಿನಿಂದ ಊರಿಗೆ ಹೋಗುವವರು ಎಷ್ಟು ಜನ ಅಂತ ಬೋಗಿ ನೋಡಿದರೆ ಗೊತ್ತಾಗುತ್ತಿತ್ತು. ಹಿಂದಿನ ರಾತ್ರಿಯಷ್ಟೇ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡಿದ್ದರು. ಅವತ್ತು ಸರ್ಕಾರಿ ರಜೆ. ಬೋಗಿಯಲ್ಲಿ ಅದೇ ಮಾತು ನಡೆದಿತ್ತು. ನಡುರಾತ್ರಿ ದಾವಣಗೆರೆಯಲ್ಲಿ ಬೆಣ್ಣೆ ಹತ್ತಿಕೊಂಡಳು. ಕೈಯಲ್ಲಿ ಖಾರ ಮಂಡಕ್ಕಿ ಪೊಟ್ಟಣ. ಎಲ್ಲರೂ ಮಲಗಿದ್ದರು, ಮಾತಾಡುವ ಹಾಗಿಲ್ಲ. ಅವಳು ನನ್ನ ಕಾಲು ಹಿಸುಕಿ, ಪೊಟ್ಟಣ ಕೈಗಿಟ್ಟು, ಮೇಲಿನ ಬರ್ತ್‌ಗೆ ಹೋದಳು.

ಶನಿವಾರ: ಕೃಷ್ಣೆ ದಾಟಿ

ಬಾಗಲಕೋಟೆ ದಾಟುವ ಹೊತ್ತಿಗೆ ಬೆಳಗಾಗಿತ್ತು. ಆಲಮಟ್ಟಿ ಹತ್ತಿರ ರೈಲು ಕೃಷ್ಣೆಯ ಮೇಲೆ ನಿಧಾನವಾಗಿ ಹೋಗುತ್ತದೆ. ಈ ಸೇತುವೆಯನ್ನು ನಿದ್ದೆಯಲ್ಲಿ ಕಳೆದುಕೊಳ್ಳಬೇಡಿ. ನೀರಿನ ಮೇಲೆ ಮಂಜು ಕವಿದಿತ್ತು, ದೋಣಿಯಲ್ಲಿ ಒಬ್ಬರು ಬಲೆ ಎಳೆಯುತ್ತಿದ್ದರು. ಸ್ವಲ್ಪ ಮುಂದೆ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಂಡವು. ಅಲ್ಲಿಂದ ಮುಂದೆ ಮಣ್ಣಿನ ಬಣ್ಣವೇ ಬದಲಾಯಿತು. ಕಪ್ಪು ಎರೆ ನೆಲ, ಮರವಿಲ್ಲದ ಬಯಲು, ಕಣ್ಣು ಹರಿಯುವಷ್ಟು ದೂರ ಜೋಳ. ತುಮಕೂರಿನ ಗುಡ್ಡ, ತೆಂಗು ನೋಡಿ ಬೆಳೆದ ನನಗೆ ಆಕಾಶ ಇಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು. ವಿಜಯಪುರ ಬರುವಾಗ ಗೋಲಗುಂಬಜ್ ಕಂಡಿತು. 1656ರಿಂದ ನಿಂತಿರುವ ಗುಮ್ಮಟ. ಈ ಸಲ ದೂರದಿಂದಲೇ ಕೈಮುಗಿದೆವು. ನಾವು ಬಂದದ್ದು ಬೇರೆ ಕೆಲಸಕ್ಕೆ.

ಸ್ಟೇಷನ್ ಹೊರಗೆ ಆಟೋದವರೆಲ್ಲ ಈಗಲೂ "ಬಿಜಾಪುರ" ಅಂತಲೇ ಮಾತಾಡುತ್ತಾರೆ. 2014ರ ನವೆಂಬರ್ 1ರಿಂದ ಹೆಸರು ವಿಜಯಪುರ. ಹೆಸರು ಬಾಯಿಗೆ ಹೊಂದಲು ಇನ್ನೂ ಒಂದು ತಲೆಮಾರು ಬೇಕೇನೋ. ಬಸ್ ಸ್ಟ್ಯಾಂಡ್ ಹತ್ತಿರ ಸುಸಲಾ–ಮಿರ್ಚಿ ತಿಂದೆವು. ನೆನೆಸಿ ಹಿಂಡಿದ ಚುರುಮುರಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು. ಬಿಸಿಯಿದ್ದಾಗಲೇ ತಿನ್ನಬೇಕು. ಆರಿದರೆ ಗಂಟಲಿಗೆ ಹಿಡಿಯುತ್ತದೆ. ನಮ್ಮ ಆಟೋದ ಕನ್ನಡಿಗೆ ಇಲ್ಲಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಸಣ್ಣ ಫೋಟೋ ಅಂಟಿಸಿತ್ತು, ಅದೇ ಬಿಳಿ ಅಂಗಿಯಲ್ಲಿ. "ಅವರ ಅಂಗಿಗಿ ಕಿಸೆ ಇದ್ದಿಲ್ರಿ" ಅಂದರು ಚಾಲಕರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಮೂರು ದಿನ ಆಟೋ ಹೊರಗೆ ತೆಗೆಯಲಿಲ್ಲವಂತೆ. ಅದಕ್ಕಿಂತ ಹೆಚ್ಚು ಅವರು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಬಲೇಶ್ವರದ ದಾರಿ ಹಿಡಿದು ಹೋಗುವ ಬಸ್ಸು. ಸಾರವಾಡದ ಹತ್ತಿರ ಡೋಣಿ ಹೊಳೆ ಬಂತು. ಡೋಣಿ ಮಹಾರಾಷ್ಟ್ರದ ಜತ್ತ ಕಡೆ ಹುಟ್ಟಿ, ವಿಜಯಪುರ ಜಿಲ್ಲೆಯ ಉದ್ದಕ್ಕೂ ಹರಿದು, ತಾಳಿಕೋಟೆ ದಾಟಿ ಕೃಷ್ಣೆಗೆ ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಹೊಲಕ್ಕೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸೊರಗಿ ಹೋಗುತ್ತದೆ. ನೀರು ಉಪ್ಪು. ನಾನು ಕಿಟಕಿಯಿಂದ ಬಗ್ಗಿ ನೋಡುವುದನ್ನು ಕಂಡು ಪಕ್ಕದ ಅಜ್ಜಿ ಹೇಳಿದರು, "ಡೋಣಿ ಬೆಳದರ ಓಣೆಲ್ಲ ಕಾಳು, ತಂಗಿ." ಉಪ್ಪು ನೀರಿನ ಹೊಳೆಗೆ ಇಷ್ಟು ಮರ್ಯಾದೆ ಯಾಕೆ ಅಂತ ಕೇಳಿದೆ. "ನೀರ ಅಲ್ಲವ್ವಾ, ಅದು ತರೂ ಮಣ್ಣು" ಅಂದರು ಅಜ್ಜಿ. ಪ್ರವಾಹದ ಜೊತೆ ಬಂದು ಕೂರುವ ಆ ಮಣ್ಣೇ ಈ ಕಡೆಯ ಜೋಳದ ಬಂಡವಾಳ.

ಊರಿನ ಅಗಸಿಯಲ್ಲೇ, ಅಂದರೆ ಊರ ಬಾಗಿಲಲ್ಲೇ, ಗೌಡ್ತಿ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿದೆ, ಕೈ ಗಟ್ಟಿಯಾಗಿದೆ, ದನಿ ಮಾತ್ರ ಹಾಸ್ಟೆಲಿನದೇ. "ಈಗ ನೆಪ್ಪಾತೇನ್ರೆಲೇ?" ಅಂತ ಶುರು ಮಾಡಿದವಳು ಮಾತು ಮುಗಿಸಲು ಆಗದೆ ಬೆಣ್ಣೆಯ ಹೆಗಲಿಗೆ ಒರಗಿದಳು. ಮೂವರೂ ದಾರಿಯಲ್ಲೇ ನಿಂತು ಅತ್ತೆವು. ಎತ್ತಿನ ಬಂಡಿಯವರೊಬ್ಬರು ಸುಮ್ಮನೆ ಬಂಡಿ ನಿಲ್ಲಿಸಿ, ನಾವು ಸರಿಯುವ ತನಕ ಕಾದರು.

ಮನೆ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಅವ್ವ ಪಡಸಾಲೆಯಲ್ಲಿ ಕೂತಿದ್ದರು. ಎಪ್ಪತ್ತೈದು ದಾಟಿದೆ. ನಮ್ಮನ್ನು ಮೊದಲ ಸಲ ನೋಡುತ್ತಿದ್ದರು. ಹೆಸರು ಕೇಳಲಿಲ್ಲ. ಮುಖ ನೋಡಿ, "ಅಗಸಿ ಚಟ್ನಿ ಜಾಸ್ತಿ ತಿನ್ನಾಕಿ ಯಾರು ನಿಮ್ಮೊಳಗ?" ಅಂದರು. ನಾನು ಕೈ ಎತ್ತಿದೆ. ಎರಡು ದಶಕದ ಹಿಂದೆ ಮಗಳು ಕಾಗದದಲ್ಲಿ ಬರೆದದ್ದು ಅವರಿಗೆ ಇವತ್ತಿಗೂ ನೆನಪಿದೆ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಅಗಸಿ ಚಟ್ನಿ ಎರಡು ಸಲ ಬಂತು. ಮೇಲೆ ಗಾಣದ ಕುಸುಬಿ ಎಣ್ಣೆ.

ಮಧ್ಯಾಹ್ನ ಅಂಗಳದಲ್ಲಿ ಒಂದು ದೊಡ್ಡ ಕಲ್ಲು ಚಪ್ಪಡಿ ಕಂಡಿತು. ಕೆಳಗೆ ಹಗೇವು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಗೋಡೆಗೆ ಕಟ್ಟು ಕಟ್ಟಿ ಜೋಳದ ದಂಟು, ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಗಾಳಿ ಆಡುವುದಿಲ್ಲ, ಹುಳ ಬರುವುದಿಲ್ಲ. ಬರ ಬಿದ್ದ ವರ್ಷ ಇದೇ ಊರನ್ನು ಸಾಕುತ್ತಿತ್ತು. ತೆಗೆದ ಕೂಡಲೇ ಒಳಗೆ ಇಳಿಯುವ ಹಾಗಿಲ್ಲ. ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರಂತೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ ಅಂತ. ಈಗ ಹಗೇವು ಖಾಲಿ. ಜೋಳ ಪ್ಲಾಸ್ಟಿಕ್ ಚೀಲದಲ್ಲಿ, ಬೇವಿನ ಎಲೆ ಹಾಕಿ ಇಟ್ಟಿದ್ದಾರೆ. ಗೌಡ್ತಿಗೆ ಇದನ್ನು ಮತ್ತೆ ತುಂಬಿಸುವ ಆಸೆ ಇದೆ. ಕಟ್ಟಿ ಗೊತ್ತಿದ್ದ ಹಿರಿಯರು ಊರಿನಲ್ಲಿ ಈಗ ಒಬ್ಬರೇ ಉಳಿದಿದ್ದಾರಂತೆ.

ರಾತ್ರಿ ಅವ್ವ ರೊಟ್ಟಿ ಬಡಿಯುವುದನ್ನು ನೋಡುತ್ತಾ ಕೂತೆ. ಇದನ್ನು ನೋಡಲೆಂದೇ ಬಂದದ್ದು ನಾನು. ಎಸರು ಮರಳಿದ ಮೇಲೆ ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದರು. ಮೊದಲು ಚಮಚದಿಂದ ತಿರುವಿದರು, ಆಮೇಲೆ ಕೈ ಹಾಕಿದರು. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರು. ಹಿಟ್ಟಿನಲ್ಲಿ ಬಿರುಕು ಹೋಗುವ ತನಕ ಬಿಡಲಿಲ್ಲ. ಉಂಡೆ ಕಲ್ಲಿನ ಮೇಲೆ ಬಿತ್ತು. ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ. ರೊಟ್ಟಿ ತಾನೇ ತಿರುಗುತ್ತಿದೆಯೇನೋ ಅನ್ನಿಸುತ್ತದೆ. ಟಪ್ ಟಪ್ ಸದ್ದಿಗೆ ಒಂದು ತಾಳ ಇದೆ, ಅದು ಎಲ್ಲೂ ತಪ್ಪುವುದಿಲ್ಲ. ರೊಟ್ಟಿ ಹಂಚಿಗೆ ಹೋದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು. ಆ ನೀರು ಆರುವಷ್ಟರಲ್ಲಿ ತಿರುವಿ ಹಾಕಬೇಕು. ಕ್ಷಣ ತಡವಾದರೂ ರೊಟ್ಟಿ ಸೀಳುತ್ತದೆ. ಅವ್ವ ಹಂಚನ್ನು ನೋಡುತ್ತಲೇ ಇರಲಿಲ್ಲ. ನನ್ನ ಜೊತೆ ಮಾತಾಡುತ್ತಿದ್ದರು. ಕೈಗೆ ಹೊತ್ತು ಗೊತ್ತಿತ್ತು.

"ಆಗ ನಲವತ್ತು ಬಡೀಬೇಕಂದ್ರ ನಸುಕಿನ್ಯಾಗ ಏಳ್ತಿದ್ರೇನು?" ಕೇಳಿದೆ.

"ಮೂರಕ್ಕ ಏಳ್ತಿದ್ನಿ. ಬಸ್ಸ ಆರಕ್ಕಿತ್ತಲ್ಲ" ಅಂದರು, ಮತ್ತೊಂದು ಉಂಡೆ ತಗೊಂಡು. ಆ ವಿಷಯ ಅಲ್ಲಿಗೇ ಬಿಟ್ಟರು. ನಾವು ಹಾಸ್ಟೆಲಿನಲ್ಲಿ ಗಂಟು ಬಿಚ್ಚುತ್ತಿದ್ದುದು ಸಂಜೆ. ಬೆಳಗಿನ ಮೂರು ಗಂಟೆಯ ಯೋಚನೆ ನಮಗೆ ಯಾವತ್ತೂ ಬಂದಿರಲಿಲ್ಲ.

ಭಾನುವಾರ: ಹುಳಿ ಬಟ್ಟೆ, ಕೆಸರು, ಮಮದಾಪುರದ ಕೆರೆ

ಈ ಕಡೆ ಡಿಸೆಂಬರ್ ಅಂದರೆ ಮಧ್ಯಾಹ್ನ ಬಿಸಿಲು, ರಾತ್ರಿ ಕೊರೆಯುವ ಚಳಿ. ಒಂದು ಸ್ವೆಟರ್ ಸಾಲದು, ತಲೆಗೂ ಕಿವಿಗೂ ಏನಾದರೂ ಇರಬೇಕು. ಐದೂವರೆಗೆ ಗೌಡ್ತಿ ಎಬ್ಬಿಸಿದಳು. "ಏಳ್ರೆ, ಬಿಸಲ ಬಿದ್ದಮ್ಯಾಲೆ ಏನೂ ಸಿಗೂದಿಲ್ಲ."

ಕಡಲೆ ಹೊಲ. ರಾತ್ರಿಯೇ ಆಳು ಗಿಡಗಳ ಮೇಲೆ ತೆಳ್ಳನೆ ಬಿಳಿ ಪಂಚೆ ಹಾಸಿ ಹೋಗಿದ್ದ. ಕಡಲೆ ಗಿಡದ ಎಲೆ, ಕಾಂಡದ ಮೇಲೆ ಸಣ್ಣ ಸಣ್ಣ ರೋಮ ಇರುತ್ತವೆ. ಅವು ಹುಳಿ ಬಿಡುತ್ತವೆ. ಇಬ್ಬನಿ ಬಿದ್ದಾಗ ಹುಳಿ ಅದರಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಗೌಡ್ತಿ ಒಂದು ತುದಿ, ಬೆಣ್ಣೆ ಒಂದು ತುದಿ ಹಿಡಿದು ಹಿಂಡಿದರು. ಸ್ಟೀಲ್ ಪಾತ್ರೆಗೆ ಕಂದು ಬಣ್ಣದ ನೀರು ತೊಟ್ಟಿಕ್ಕಿತು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಹುಣಸೆಗಿಂತ ಚುರುಕು, ಲಿಂಬೆಗಿಂತ ಒಗರು, ಕೊನೆಗೆ ಸ್ವಲ್ಪ ಉಪ್ಪು. ಹಿಂದೆ ಇದನ್ನು ಶೀಶೆಗೆ ತುಂಬಿ ವರ್ಷವಿಡೀ ಇಡುತ್ತಿದ್ದರು. ಹೊಟ್ಟೆನೋವು, ಅಜೀರ್ಣ ಅಂದರೆ ಮನೆಯಲ್ಲಿ ಇದೇ ಮೊದಲ ಔಷಧಿ. ಈಗ ಹಾಸುವವರು ಕಡಿಮೆ. ಔಷಧ ಹೊಡೆದ ಹೊಲದಲ್ಲಿ ಹಾಸುವಂತೆಯೂ ಇಲ್ಲ. ಗೌಡ್ತಿ ಅವ್ವನ ಸಲುವಾಗಿ ಅರ್ಧ ಎಕರೆಗೆ ಏನೂ ಹೊಡೆಯದೆ ಬಿಟ್ಟಿದ್ದಾಳೆ. ಬರಿಗಾಲಲ್ಲಿ ಕಡಲೆ ಸಾಲಿನಲ್ಲಿ ನಡೆದ ನನಗೆ ಪಾದದ ಬಿರುಕೆಲ್ಲ ಉರಿಯತೊಡಗಿತು. ನೀವು ಹೋದರೆ ಮುಚ್ಚಿದ ಚಪ್ಪಲಿ ಹಾಕಿಕೊಂಡು ಹೋಗಿ.

ಪಕ್ಕದಲ್ಲೇ ಜೋಳ. ನನ್ನ ತಲೆಗಿಂತ ಎತ್ತರ. ತೆನೆ ಹೊರಬಿದ್ದು ಆಗಷ್ಟೇ ಹಾಲು ಹಿಡಿಯುತ್ತಿತ್ತು. ಹೊಲದ ಅಂಚಿಗೆ ಸುತ್ತಲೂ ಕುಸುಬಿ ಸಾಲು. ಕುಸುಬಿಯ ಎಲೆಗೆ ಮುಳ್ಳು, ದನ ಬಾಯಿ ಹಾಕುವುದಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ. ಬೆಣ್ಣೆಯ ಹೊಸ ಸೀರೆಯ ಸೆರಗು ಅದಕ್ಕೆ ಸಿಕ್ಕಿ ಗೇಣುದ್ದ ಹರಿಯಿತು.

"ಇದಕ್ಕೆ ನೀರು ಯಾವಾಗ ಬಿಡ್ತೀ?" ಅಂತ ನಾನು ಕೇಳಿದೆ. ಗೌಡ್ತಿ ನಕ್ಕಳು. ಇದು ಹಿಂಗಾರಿಯ ಮಾಲದಂಡಿ ಜೋಳ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮಳೆ ಬಿದ್ದು ನೆಲ ಹಸಿಯಾದ ಮೇಲೆ ಬಿತ್ತುತ್ತಾರೆ. ಆಮೇಲೆ ದೊಡ್ಡ ಮಳೆ ಬರದೆ ಇದ್ದರೂ ನಡೆಯುತ್ತದೆ. ಎರೆ ನೆಲ ಆಳದಲ್ಲಿ ಹಿಡಿದಿಟ್ಟ ತೇವವನ್ನೇ ಎಳೆದುಕೊಂಡು, ಚಳಿಯಲ್ಲಿ ಬೆಳೆಯುತ್ತದೆ. ನೆಲ ಒಣಗುತ್ತಾ ಬಂದ ಹಾಗೆ ಬಿರುಕು ಬಿಡುತ್ತದೆ. ಬಿರುಕಿನಿಂದ ತೇವ ಹಾರಿಹೋಗಬಾರದು ಅಂತ ಸಾಲಿನ ನಡುವೆ ಎಡೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಿ ಬಿರುಕು ಮುಚ್ಚುತ್ತಾರೆ. "ನಮ್ಮಪ್ಪ ಅಂತಿದ್ದ, ಜ್ವಾಳಕ್ಕ ನೀರ ಕೊಡಬ್ಯಾಡ, ಇದ್ದ ನೀರ ಕಾಯಿ ಅಂತ." ಅದನ್ನು ಹೇಳುವಾಗ ಅವಳು ಬಗ್ಗಿ, ಕೈ ಹಿಡಿಸುವಷ್ಟು ಅಗಲದ ಒಂದು ಬಿರುಕಿಗೆ ಮಣ್ಣು ತಳ್ಳಿದಳು.

ಹತ್ತು ಗಂಟೆಗೆ ಅವಳ ಹಳೇ ಕಾರಿನಲ್ಲಿ ಮಮದಾಪುರದ ಕಡೆ ಹೊರಟೆವು. ಡಾಂಬರು ರಸ್ತೆಯಲ್ಲೇ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಹೊಲದ ದಾರಿಯಲ್ಲಿ ಹೋದರೆ ಹತ್ತಿರ ಅಂತ ಗೌಡ್ತಿ ತಿರುಗಿಸಿದಳು. ಒಂದು ಕಡೆ ಸಣ್ಣ ಕಾಲುವೆಯ ನೀರು ಸೋರಿ ದಾರಿ ನೆನೆದಿತ್ತು. ಎರೆ ಮಣ್ಣು ಒಣಗಿದ್ದರೆ ಕಲ್ಲು, ನೆನೆದರೆ ಅಂಟು. ಕಾರು ನಾಲ್ಕು ಹೆಜ್ಜೆ ಹೋಗಿ ಹೂತುಕೊಂಡಿತು. ಇಳಿದು ತಳ್ಳಲು ಹೋದ ಬೆಣ್ಣೆಯ ಚಪ್ಪಲಿಗೆ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಸೇರು ತೂಕ ಆಯಿತು. ಆಮೇಲೆ ಚಪ್ಪಲಿ ಅಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ತಳ್ಳಿದಷ್ಟೂ ಚಕ್ರ ಕೆಳಗೆ ಹೋಯಿತು.

ಅರ್ಧ ಗಂಟೆಗೆ ಒಬ್ಬರು ಕಾಕಾ ಟ್ರ್ಯಾಕ್ಟರ್ ತಗೊಂಡು ಬಂದರು. ಬೈಯಲಿಲ್ಲ. ಚಕ್ರದ ಕೆಳಗೆ ತೊಗರಿ ಕಟ್ಟಿಗೆ ಹಾಸಿ, ಸರಪಳಿ ಕಟ್ಟಿ, ಒಂದೇ ಎಳೆತಕ್ಕೆ ಹೊರಗೆ ತಂದರು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು. "ಅಮಾಸಿ ಮುಂದ ಬಂದ ಬೀಗರ ಕಡೆ ರೊಕ್ಕ ಇಸಕೊಂತೀನೇನು? ಚಾ ಕುಡದ ಹೋಗ್ರಿ." ಅವರ ತೋಟ ಅಲ್ಲೇ. ಎರಡು ಎಕರೆ ದ್ರಾಕ್ಷಿ, ಮೂರು ಎಕರೆ ಕಬ್ಬು. ಕಾಲುವೆ ನೀರು ಬಂದ ಮೇಲೆ ಜೋಳ ಬಿಟ್ಟರಂತೆ. ಮಕ್ಕಳ ಓದು, ಮನೆ, ಮಗಳ ಮದುವೆ ಎಲ್ಲ ಈ ಬೆಳೆಯಲ್ಲೇ ಆಗಿದೆ. ಅದನ್ನು ಖುಷಿಯಿಂದಲೇ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೆ, ತಿನ್ನಾಕ ಜ್ವಾಳ ಪ್ಯಾಟ್ಯಾಗ ತರ್ತೀವಿ. ನಮ್ಮಾಕಿ ದಿನಾ ಅಂತಾಳ, ಕಬ್ಬ ಹಚ್ಚಿದ್ರ ರೊಕ್ಕ ಬರ್ತಾವ, ರೊಟ್ಟಿ ಎಲ್ಲಿಂದ ಬರ್ತಾವ ಅಂತ" ಅಂದರು. ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿತು. "ಹೌದಲ್ಲ ಮತ್ತ?"

ಇದರಲ್ಲಿ ಯಾರದ್ದು ಸರಿ, ಯಾರದ್ದು ತಪ್ಪು ಅಂತ ಹೇಳಲು ನನಗೆ ಆಗುವುದಿಲ್ಲ. ಈ ಜಿಲ್ಲೆ ಬರದಲ್ಲಿ ಎಷ್ಟು ಬೆಂದಿದೆ ಅಂತ ಅಲ್ಲಿಯವರಿಗೇ ಗೊತ್ತು. ನೀರು ಬಂದಿದೆ, ಜನ ನೆಮ್ಮದಿಯಾಗಿದ್ದಾರೆ. ಆದರೂ ಆ ಕಾಕಿಯ ಪ್ರಶ್ನೆ ನನ್ನ ಜೊತೆಯೇ ಬಂತು.

ಮಮದಾಪುರದ ಕೆರೆ ಆದಿಲ್ ಶಾಹಿಗಳ ಕಾಲದ್ದು, ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು. ಗೋಲಗುಂಬಜ್‌ನಲ್ಲಿ ಮಲಗಿರುವ ಸುಲ್ತಾನ ಅವನೇ. ಕಲ್ಲಿನ ಏರಿ ಉದ್ದಕ್ಕೆ ಚಾಚಿದೆ. ಅದರ ಮೇಲೆ ನಡೆಯುತ್ತಾ ಹೋದರೆ ಒಂದು ಪಕ್ಕ ನೀರು, ಒಂದು ಪಕ್ಕ ಹೊಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು, ತಾವು ಮದುವೆಯಾಗಿ ಬಂದಾಗ ಈ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು ಅಂದರು. ಈಗ ಕೃಷ್ಣೆಯ ನೀರನ್ನು ಏತದಿಂದ ಎತ್ತಿ ತುಂಬಿಸುತ್ತಾರೆ. ಜನ ಸುಲ್ತಾನನ ಗುಮ್ಮಟ ನೋಡಲು ದೂರದಿಂದ ಬರುತ್ತಾರೆ. ನನ್ನನ್ನು ಕೇಳಿದರೆ ಅವನ ಕೆರೆಗೂ ಒಂದು ಸಂಜೆ ಕೊಡಬೇಕು. ಗುಮ್ಮಟದಲ್ಲಿ ದನಿ ತಿರುಗಿ ಬರುತ್ತದೆ, ಇಲ್ಲಿ ಬೆಳ್ಳಕ್ಕಿಗಳು ಬರುತ್ತವೆ. ನಾವು ಏರಿಯ ಮೇಲೆ ಕೂತು ದಾವಣಗೆರೆಯ ಮಂಡಕ್ಕಿ ಮುಗಿಸಿದೆವು. ಅಲ್ಲೇ ಬೆಣ್ಣೆ ತನ್ನ ಗಂಡನ ಕಾಯಿಲೆಯ ವಿಷಯ ಹೇಳಿದಳು. ಎರಡು ವರ್ಷದಿಂದ ಫೋನಿನಲ್ಲಿ ಹೇಳದ್ದು. ಗೌಡ್ತಿ ಅವಳ ಕೆಸರು ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಣಗಿದ ಎರೆ ಮಣ್ಣನ್ನು ಉಗುರಿನಿಂದ ಬಿಡಿಸುತ್ತಾ ಕೇಳಿಸಿಕೊಂಡಳು. ಕತ್ತಲಾದ ಮೇಲೆ ಎದ್ದೆವು.

ರಾತ್ರಿ ಯಾರೂ ಮಲಗಲಿಲ್ಲ ಅಂದರೂ ನಡೆಯುತ್ತದೆ. ಮರುದಿನದ ಅಡುಗೆ ನಡೆದಿತ್ತು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ಕೆಲಸ ನನ್ನದು.

ಸೋಮವಾರ: ಚರಗ

ಬೆಳಿಗ್ಗೆ ಓಣಿಯಲ್ಲಿ ಬಂಡಿಗಳ ಸಾಲು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಟ್ರ್ಯಾಕ್ಟರ್‌ಗಳೂ ಇದ್ದವು, ಅವಕ್ಕೂ ಹೂವಿನ ಹಾರ. ಬುತ್ತಿ ಬುಟ್ಟಿಗಳಿಗೆ ಬಿಳಿ ಬಟ್ಟೆ ಮುಚ್ಚಿ, ಹೆಂಗಸರು ಇಳಕಲ್ ಸೀರೆ ಉಟ್ಟು ಹತ್ತಿ ಕೂತಿದ್ದರು. ಊರಿಗೆ ಊರೇ ಖಾಲಿಯಾಗಿ ಹೊಲಕ್ಕೆ ಹೊರಟಿತ್ತು. ಅವ್ವ ನಮಗೂ ಒಂದೊಂದು ಸೀರೆ ಕೊಟ್ಟರು. ಬೆಣ್ಣೆಯ ಹರಿದ ಸೀರೆಗೆ ಬದಲಿ ಅಂತ ಅವಳಿಗೆ ಹಸಿರಿನದು.

ಈ ಹೊತ್ತಿನಲ್ಲಿ ಭೂಮಿತಾಯಿ ಬಸುರಿ ಅಂತ ನಂಬಿಕೆ. ಹೊಲದಲ್ಲಿ ತೆನೆ ಹಾಲು ಹಿಡಿದಿದೆ ಅಲ್ವಾ? ಬಸುರಿಗೆ ಬಯಕೆ ಊಟ ಮಾಡಿಸುವ ಹಾಗೆ ನೆಲಕ್ಕೆ ಊಟ ಹಾಕುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ತೊಳೆದು, ಸುಣ್ಣ ಹಚ್ಚಿದರು. ಇವರು ಪಾಂಡವರು. ಕುಂಕುಮ, ಹೂ. ಹಸಿರು ಖಣ, ಬಳೆ ಇಟ್ಟು ಅವ್ವ ಉಡಿ ತುಂಬಿದರು. ಎಲ್ಲ ಅಡುಗೆಯಲ್ಲೂ ಸ್ವಲ್ಪ ಸ್ವಲ್ಪ ಎಡೆ ಹಿಡಿದರು. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಮಡಿಕೆ ಕಾಳು, ಬಾನ, ಮೊಸರು.

ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಒಂದು ಬುಟ್ಟಿಯಲ್ಲಿ ಮುರಿದು ಕಲಸಿದರು. ಒಬ್ಬರು ಅದನ್ನು ಹೊಲದ ಸುತ್ತ ಚೆಲ್ಲುತ್ತಾ ಹೋಗಬೇಕು, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾ ಬರಬೇಕು. ಸಾಮಾನ್ಯವಾಗಿ ಮನೆಯ ಗಂಡಸರು ಮಾಡುವ ಕೆಲಸ. ಅಪ್ಪ ತೀರಿಕೊಂಡ ವರ್ಷ ಬುಟ್ಟಿ ಎತ್ತಲು ಯಾರೂ ಮುಂದೆ ಬರಲಿಲ್ಲವಂತೆ. ದಾಯಾದಿಗಳನ್ನು ಕರೆಯೋಣ ಅಂತ ಮಾತು ಬಂದಾಗ ಅವ್ವ ಮಗಳ ಕೈಗೆ ಬುಟ್ಟಿ ಕೊಟ್ಟು, "ಬಿತ್ತಿದಾಕಿ ನೀ, ಚೆಲ್ಲಾಕಿನೂ ನೀನ" ಅಂದರಂತೆ. ಅವತ್ತಿನಿಂದ ಗೌಡ್ತಿಯೇ ಚೆಲ್ಲುತ್ತಾಳೆ.

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಲೆ ಮೇಲೆ ಸೆರಗು ಹೊದ್ದು, ಅವಳು ಜೋಳದ ಅಂಚು ಹಿಡಿದು ನಡೆದಳು. ಆಳು ಚೊಂಬು ಹಿಡಿದು ಹಿಂದೆ. ನಾವಿಬ್ಬರೂ ಅವರ ಹಿಂದೆ. ಅವಳು ಬೊಗಸೆಯಿಂದ ತೆಗೆದು ತೆನೆಗಳ ಮೇಲೆ ಬೀಸಿ ಎಸೆಯುತ್ತಾ ಜೋರಾಗಿ ಕೂಗಿದಳು, "ಹುಲ್ಲುಲ್ಲಿಗೋ!" ಹಿಂದಿನಿಂದ ಆಳು, "ಸಲಾಂಬ್ರಿಗೋ!" ಪಕ್ಕದ ಹೊಲದಿಂದ ಬೇರೆ ದನಿ, ಅದರಾಚೆಯ ಹೊಲದಿಂದ ಮತ್ತೊಂದು. ಸ್ವಲ್ಪ ಹೊತ್ತಿಗೆ ಬಯಲೆಲ್ಲ ಇದೇ ಕೂಗು. ಅರ್ಥ ಏನು ಅಂತ ಆಮೇಲೆ ಕೇಳಿದೆ. "ಊರಿಗೊಂದ್ ಥರಾ ಕೂಗ್ತಾರ, ಅರ್ಥ ಯಾರ ಕೇಳ್ಯಾರ? ಭೂಮಿಗಿ ತಿಳಿತೈತಿ" ಅಂದಳು.

ಹಾಸ್ಟೆಲಿನಲ್ಲಿ ಮೆಸ್ಸಿನ ಸಾಲಿನಲ್ಲಿ ಜೋರಾಗಿ ಮಾತಾಡಲು ಹೆದರುತ್ತಿದ್ದ ಹುಡುಗಿ ಇವಳು. ಮೂಲೆಯ ಕಡೆ ತಿರುಗುವಾಗ ಅವಳ ಕೂಗು ಒಂದು ಸಲ ನಡುಗಿತು. ಅಲ್ಲಿ ಅಪ್ಪನ ಗದ್ದುಗೆ, ಅಂದರೆ ಸಮಾಧಿ ಇದೆ. ನಿಲ್ಲಲಿಲ್ಲ. ಅಲ್ಲಿಗೂ ಒಂದು ಬೊಗಸೆ ಚೆಲ್ಲಿ ಮುಂದೆ ಹೋದಳು.

ಊಟಕ್ಕೆ ಹತ್ತಿಪ್ಪತ್ತು ಜನ ಸೇರಿದೆವು. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುತ್ತಾರೆ. ಹಿಂದಿನ ದಿನದ ಟ್ರ್ಯಾಕ್ಟರ್ ಕಾಕಾ, ಕಾಕಿ ಬಂದಿದ್ದರು, ಒಂದು ಪೆಟ್ಟಿಗೆ ದ್ರಾಕ್ಷಿ ಹಿಡಿದು. ಕಾಕಿ ಮಾತ್ರ ರೊಟ್ಟಿಯನ್ನೇ ನೆಚ್ಚಿಕೊಂಡು ಕೂತರು. ಹೊಲದಲ್ಲೇ ಕಿತ್ತ ಹಕ್ಕರಿಕೆ, ಹಸಿ ಉಳ್ಳಾಗಡ್ಡಿ. ಸಜ್ಜೆ ರೊಟ್ಟಿ ಮುರಿದರೆ ಎಳ್ಳು ಉದುರುತ್ತಿತ್ತು. ನಾನು ಹಚ್ಚಿದ ರೊಟ್ಟಿಗಳಲ್ಲಿ ಎಳ್ಳು ಒಂದೇ ಕಡೆ ಗುಂಪಾಗಿತ್ತು, ಅವ್ವ ಅದನ್ನೇ ಆರಿಸಿ ತಮ್ಮ ತಟ್ಟೆಗೆ ಹಾಕಿಕೊಂಡರು. "ಇನ್ನೊಂದ್ ಹಾಕ್ಕೋರಿ" ಅನ್ನುವುದಕ್ಕೆ ಬೇಡ ಅನ್ನುವ ಮಾತು ಈ ಕಡೆ ಯಾರಿಗೂ ಕೇಳಿಸುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಹೋಗುವುದೇ ಒಳ್ಳೆಯದು. ಮಜ್ಜಿಗೆಗೆ ಅವ್ವ ಎರಡು ಚಮಚ ಕಡಲೆ ಹುಳಿ ಹಾಕಿ ನಮಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಹೊಟ್ಟೆ ಹಗುರಾಯಿತು.

ಸಂಜೆ ರೈಲಿತ್ತು. ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಮಾತೂ ಆಡಲಾಗಲಿಲ್ಲ. ಇದೇ ಹಬ್ಬಕ್ಕೆ ಹೋಗುವವರು ಮರುದಿನದ ರೈಲು ಹಿಡಿಯಿರಿ, ನಮ್ಮ ಹಾಗೆ ಅಂದೇ ಓಡಬೇಡಿ. ಗೌಡ್ತಿ ಸ್ಟೇಷನ್ ತನಕ ಬಂದಳು. ಜನವರಿ ಕೊನೆಗೆ ಸೀತನಿ ಆಗುತ್ತದೆ. ಎಳೆ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳನ್ನು ಶೇಂಗಾ ಹಿಂಡಿ ಜೊತೆ ತಿನ್ನುವುದು. "ಆವಾಗ ಬರ್ರಿ. ಬೆಣ್ಣೆ, ನಿಮ್ಮ ಮನ್ಯಾವರನ್ನೂ ಕರಕೊಂಡ ಬಾ, ಇಲ್ಲಿ ಗಾಳಿ ಚಲೋ ಐತಿ." ರೈಲು ಹೊರಟ ಮೇಲೆ ಕಿಟಕಿಯಿಂದ ಒಂದು ಗಂಟು ಒಳಗೆ ಬಂತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಮನೆಯಲ್ಲಿ

ಗಂಟನ್ನು ದಾವಣಗೆರೆ ಬರುವ ತನಕ ಬಿಚ್ಚಲಿಲ್ಲ. ಅಲ್ಲಿ ಬೆಣ್ಣೆ ಇಳಿಯುವಾಗ ಇಬ್ಬರೂ ಸೇರಿ ಅರ್ಧ ಹಂಚಿಕೊಂಡೆವು. ಎಣಿಸಿದೆವು, ನಲವತ್ತು. ಚಟ್ನಿ ಡಬ್ಬಿಗಳಲ್ಲಿ ಅಗಸಿಯದು ದೊಡ್ಡದಿತ್ತು, ಅದು ನನ್ನ ಪಾಲಿಗೆ ಬಂತು.

ಮಂಗಳವಾರ ಬೆಳಿಗ್ಗೆ ಬೆಂಗಳೂರು. ಮಕ್ಕಳು ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿಂದರು. ಖಾಲಿಯಾದ ಧೋತರದ ತುಂಡನ್ನು ಒಗೆದು ಬಾಲ್ಕನಿಯಲ್ಲಿ ಹಾಕಿದ್ದೇನೆ. ಅಂಚಿನಲ್ಲಿ ಎರೆ ಮಣ್ಣಿನ ಒಂದು ಕಲೆ ಹೋಗಿಲ್ಲ. ಜನವರಿ 25ಕ್ಕೆ ಮೂರು ಟಿಕೆಟ್ ಆಗಿದೆ. ಬೆಣ್ಣೆಯ ಯಜಮಾನರೂ ಬರುತ್ತಿದ್ದಾರೆ. ಬಟ್ಟೆಯನ್ನು ಈ ಸಲ ಬಸ್ಸಿಗೆ ಕೊಡುವುದಿಲ್ಲ, ನಾನೇ ತಗೊಂಡು ಹೋಗುತ್ತೇನೆ.